ಸೈನಿಕನ ಬುತ್ತಿ: ಕಳಿಸುವವರಿಲ್ಲದವರಿಗೆ ಕಳಿಸಿದವರ ಚರಿತ್ರೆ

ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಮಂಗಳ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ, ದೇವಾಲಯದ ಕಟ್ಟಡವನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನು ಹಾಗೂ ಕನ್ಯಾಸ್ತ್ರೀಯರನ್ನು ಕುರಿತು ಬಲ್ಲವರು ಬರೆಯುತ್ತಾರೆ. ಅದು ಯೋಗ್ಯವೂ ಹೌದು. ನಾನು ಆರಿಸಿಕೊಂಡಿರುವ ವಿಷಯ ಅದಕ್ಕಿಂತ ಬಹು ಚಿಕ್ಕದು. ಅದು ಒಂದು ಗಂಟಿನ ವಿಷಯ; ಮನೆ ಬಿಟ್ಟು ದೂರದ ಸೈನಿಕ ತರಬೇತಿಗೆ ಹೋದ ಹುಡುಗನಿಗೆ ಊರಿನಿಂದ ಹೋಗುವ ಬುತ್ತಿಯ ವಿಷಯ. ಅದರಲ್ಲಿಯೂ, ಬುತ್ತಿ ಕಟ್ಟಿಕೊಡಲು ತಾಯಿಯಾಗಲಿ ಅಕ್ಕನಾಗಲಿ ಇಲ್ಲದ ಹುಡುಗನಿಗೆ ಅದನ್ನು ಯಾರು ಕಳಿಸಿದರು, ಯಾರು ಕಳಿಸಬೇಕು ಎಂಬ ವಿಷಯ.

ಲಕ್ಕಲಕಟ್ಟಿಯಂಥ ನಮ್ಮ ಊರುಗಳಲ್ಲಿ ಮಳೆಯನ್ನೇ ನಂಬಿದ ಬೇಸಾಯ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಈ ಸೀಮೆಯ ಬಡವರಿಗೆ ಹೊಸದಲ್ಲ. ಅಂಥ ಮನೆಗಳ ಹುಡುಗರಿಗೆ ಸೈನ್ಯದ ಕೆಲಸವೆಂಬುದು ತಿಂಗಳ ಸಂಬಳದ ಆಸೆಯೂ ಹೌದು, ಊರಿನಲ್ಲಿ ತಲೆಯೆತ್ತಿ ನಡೆಯುವ ಮಾನವೂ ಹೌದು. ಗಜೇಂದ್ರಗಡ, ರೋಣ, ನರಗುಂದ ಈ ಮೂರೂ ಹೆಸರುಗಳು ಕೋಟೆ ಕಾಳಗಗಳ ಚರಿತ್ರೆಯಲ್ಲಿ ಹಾದುಹೋದ ನೆಲದವು. 1858ರಲ್ಲಿ ನರಗುಂದದ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಎದ್ದುದನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಆದರೆ ಆ ಕಾಳಗಗಳಿಗೆ ನಡೆದುಹೋದ ಸಾಮಾನ್ಯ ಸಿಪಾಯಿಯ ಹೆಗಲ ಮೇಲಿದ್ದ ಬುತ್ತಿಯನ್ನು ಯಾವ ಪಾಠವೂ ಹೇಳುವುದಿಲ್ಲ.

ಬುತ್ತಿ ಎಂಬ ಮಾತು

ನಮ್ಮ ಕಡೆ ಮನೆಯಿಂದ ಹೊರಡುವವನು ಬರಿಗೈಯಲ್ಲಿ ಹೊರಡುವ ರೂಢಿಯಿಲ್ಲ. ಜಾತ್ರೆಗಾಗಲಿ, ಬೀಗರ ಊರಿಗಾಗಲಿ, ದುಡಿಮೆಗಾಗಲಿ ಹೊರಟವನ ಕೈಗೆ ಬಿಳಿಯ ಅರಿವೆಯಲ್ಲಿ ಕಟ್ಟಿದ ಬುತ್ತಿ ಬರುತ್ತದೆ. ಹದಿನೈದು ದಿನ ಇಟ್ಟರೂ ಕೆಡದ ಕಟಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲ ಬೆರೆಸಿದ ಅಳ್ಳಿಟ್ಟು, ಹಬ್ಬ ಹತ್ತಿರವಿದ್ದರೆ ಶೇಂಗಾ ಉಂಡಿ, ಅನುಕೂಲವಿದ್ದವರ ಮನೆಯಲ್ಲಿ ಕರದಂಟು. ಇವೆಲ್ಲ ಹೊಟ್ಟೆಗೆ ಬೇಕಾದುವು ನಿಜ. ಆದರೂ ಬುತ್ತಿಯ ನಿಜವಾದ ಬೆಲೆ ಅದರ ಗಂಟಿನಲ್ಲಿದೆ. ‘ನೀನು ಎಲ್ಲಿದ್ದರೂ ನಮ್ಮ ಲೆಕ್ಕದಲ್ಲಿದ್ದೀ’ ಎಂದು ಆ ಗಂಟು ಹೇಳುತ್ತದೆ. ಆದ್ದರಿಂದಲೇ ಬುತ್ತಿಯಿಲ್ಲದೆ ಹೊರಟವನನ್ನು ನೋಡಿ ನಮ್ಮ ಹಿರಿಯರು ‘ಯಾರೂ ಇಲ್ಲೇನಪಾ ನಿನಗ?’ ಎಂದು ಕೇಳುತ್ತಿದ್ದರು. ಈ ಪ್ರಶ್ನೆಗೆ ‘ಇಲ್ಲ’ ಎಂದೇ ಉತ್ತರಿಸಬೇಕಾದವರೂ ಲೋಕದಲ್ಲಿದ್ದಾರೆ. ಅವರ ಸಲುವಾಗಿಯೇ ಈ ಲೇಖನ.

ಪವಿತ್ರ ಗ್ರಂಥದ ಬುತ್ತಿ

ಸೈನಿಕನಿಗೆ ಮನೆಯಿಂದ ಬುತ್ತಿ ಹೋದ ಅತಿ ಪ್ರಾಚೀನ ವೃತ್ತಾಂತಗಳಲ್ಲಿ ಒಂದು ನಮ್ಮ ಪವಿತ್ರ ಗ್ರಂಥದಲ್ಲಿಯೇ ಇದೆ. ಸಮುವೇಲನ ಮೊದಲನೆಯ ಗ್ರಂಥದ 17ನೆಯ ಅಧ್ಯಾಯವನ್ನು ನಾವೆಲ್ಲರೂ ದಾವೀದ ಮತ್ತು ಗೊಲಿಯಾತರ ಕಾಳಗಕ್ಕಾಗಿ ನೆನೆಯುತ್ತೇವೆ. ಆದರೆ ಬೆತ್ಲೆಹೇಮಿನ ಕುರಿಗಾಹಿ ಹುಡುಗನು ರಣರಂಗಕ್ಕೆ ಹೋದದ್ದಾದರೂ ಏತಕ್ಕೆ? ಕಾದಾಡುವುದಕ್ಕಲ್ಲ, ಬುತ್ತಿ ಮುಟ್ಟಿಸುವುದಕ್ಕೆ. ಮುದುಕನಾದ ಜೆಸ್ಸೆಯನು ಪಾಳೆಯದಲ್ಲಿದ್ದ ತನ್ನ ಮೂವರು ಹಿರಿಯ ಮಕ್ಕಳಿಗಾಗಿ ಒಂದು ಏಫಾ ಹುರಿದ ಕಾಳನ್ನೂ ಹತ್ತು ರೊಟ್ಟಿಗಳನ್ನೂ ಕಿರಿಯವನ ಕೈಯಲ್ಲಿ ಕೊಟ್ಟು ಕಳಿಸಿದನು. ಸಹಸ್ರಾಧಿಪತಿಗೆಂದು ಹತ್ತು ಗಿಣ್ಣಿನ ಉಂಡೆಗಳನ್ನೂ ಕೊಟ್ಟನು. ಅಣ್ಣಂದಿರ ಕ್ಷೇಮವನ್ನು ವಿಚಾರಿಸಿಕೊಂಡು, ಅವರಿಂದ ಒಂದು ಗುರುತನ್ನು ತೆಗೆದುಕೊಂಡು ಬಾ ಎಂದು ಅಪ್ಪಣೆ ಮಾಡಿದನು.

ಈ ಮುದುಕ ತಂದೆಯ ವಿವೇಕವನ್ನು ಗಮನಿಸಬೇಕು. ಆತ ಕಳಿಸಿದ್ದು ಕೆಡದ ತಿನಿಸು. ಪಾಳೆಯದ ಅಧಿಕಾರಿಯನ್ನು ಆತ ಮರೆಯಲಿಲ್ಲ. ಕಳಿಸಿ ಸುಮ್ಮನಾಗದೆ ಮರಳಿ ಸುದ್ದಿ ತರಿಸಿಕೊಂಡನು. ಇಂದು ಯಾರಾದರೂ ಇಂಥ ಕೆಲಸಕ್ಕೆ ಕೈಹಾಕಿದರೆ ಅವರು ಪಾಲಿಸಬೇಕಾದ ನಿಯಮಗಳೆಲ್ಲ ಈ ಮೂರರಲ್ಲಿ ಅಡಗಿವೆ. ಆದರೆ ಅದೇ ಪಾಳೆಯದಲ್ಲಿ ಜೆಸ್ಸೆಯನಂಥ ತಂದೆಯಿಲ್ಲದ ಯುವಕರೂ ಇದ್ದಿರಲೇಬೇಕು. ಪಕ್ಕದವನ ಗಂಟು ಬಿಚ್ಚಿದಾಗ ಅವರು ಯಾವ ಕಡೆ ಮುಖ ತಿರುಗಿಸಿದರೋ, ಗ್ರಂಥ ಅದನ್ನು ಹೇಳುವುದಿಲ್ಲ.

ಮನೆಯವರ ಬೆಂಬಲವಿಲ್ಲದ ಒಬ್ಬ ಸೈನಿಕ

ನಮ್ಮ ಧರ್ಮಸಭೆ ಗೌರವಿಸುವ ಸಂತ ಮಾರ್ಟಿನರು ನಾಲ್ಕನೆಯ ಶತಮಾನದವರು. ರೋಮನ್ ಸೈನ್ಯಾಧಿಕಾರಿಯ ಮಗ. ತಂದೆತಾಯಿಗಳು ಕ್ರೈಸ್ತರಲ್ಲ. ಬಾಲಕನಾಗಿದ್ದಾಗಲೇ ಮಾರ್ಟಿನರ ಮನಸ್ಸು ಕ್ರಿಸ್ತರತ್ತ ಒಲಿದದ್ದು ಮನೆಯವರಿಗೆ ಸರಿಬೀಳಲಿಲ್ಲ. ಸೈನಿಕರ ಮಕ್ಕಳು ಸೈನ್ಯ ಸೇರಲೇಬೇಕೆಂಬ ಅಂದಿನ ಕಟ್ಟಳೆಯಂತೆ, ತಂದೆಯೇ ಹೆಸರು ಕೊಟ್ಟು, ಹದಿನೈದರ ಪ್ರಾಯದಲ್ಲಿ ಅವರನ್ನು ಸೈನ್ಯಕ್ಕೆ ಸೇರಿಸಿದನೆಂದು ಅವರ ಚರಿತ್ರೆಯನ್ನು ಬರೆದ ಸುಲ್ಪಿಸಿಯುಸ್ ಸೆವೆರುಸ್ ತಿಳಿಸುತ್ತಾನೆ. ಮನೆಯವರ ಒಲವಿಲ್ಲದೆ ಪಾಳೆಯ ಸೇರಿದ ಎಳೆಯ ಸೈನಿಕ ಅವರು.

ಅಮಿಯೆನ್ಸ್ ನಗರದ ಬಾಗಿಲಲ್ಲಿ ಚಳಿಯಿಂದ ನಡುಗುತ್ತಿದ್ದ ಬಡವನಿಗೆ ತಮ್ಮ ನಿಲುವಂಗಿಯ ಅರ್ಧವನ್ನು ಕತ್ತಿಯಿಂದ ಸೀಳಿ ಹೊದಿಸಿದ ಪ್ರಸಂಗವನ್ನು ನಾವು ಪ್ರಬೋಧನೆಗಳಲ್ಲಿ ಕೇಳಿದ್ದೇವೆ. ಆ ಹೊದಿಕೆಗೆ ಲತೀನಿನಲ್ಲಿ ‘ಕಾಪ್ಪಾ’ ಎಂದು ಹೆಸರು. ಅದನ್ನು ಪವಿತ್ರ ಅವಶೇಷವಾಗಿ ಕಾಪಾಡಿದ ಸ್ಥಳಕ್ಕೆ ‘ಕಾಪೆಲ್ಲಾ’ ಎಂಬ ಹೆಸರಾಯಿತು. ನಾವು ಇಂದು ಚಿಕ್ಕ ದೇವಾಲಯವನ್ನು ‘ಚಾಪೆಲ್’ ಎನ್ನುವುದೂ ಸೈನ್ಯದ ಗುರುಗಳನ್ನು ‘ಚಾಪ್ಲಿನ್’ ಎನ್ನುವುದೂ ಅಲ್ಲಿಂದಲೇ. ನೂರು ವರ್ಷ ತುಂಬಿದ ದೇವಾಲಯದ ಹಬ್ಬದಲ್ಲಿ ಇದು ನೆನಪಿಡತಕ್ಕ ಮಾತು. ಒಬ್ಬ ಸೈನಿಕನು ಹಂಚಿಕೊಂಡ ಅರ್ಧ ಬಟ್ಟೆಯಿಂದ ದೇವರ ಮನೆಗೇ ಒಂದು ಹೆಸರು ಬಂದಿತು. ಅವರ ಹಬ್ಬ ನವೆಂಬರ್ 11. ಮೊದಲನೆಯ ಮಹಾಯುದ್ಧದ ಬಂದೂಕುಗಳು 1918ರಲ್ಲಿ ಮೌನವಾದದ್ದೂ ಅದೇ ದಿನ.

1914ರ ಹಿತ್ತಾಳೆಯ ಪೆಟ್ಟಿಗೆ

ಆ ಮಹಾಯುದ್ಧದಲ್ಲಿಯೇ ಸೈನಿಕನ ಬುತ್ತಿ ಒಂದು ದೊಡ್ಡ ಸಾರ್ವಜನಿಕ ಕಾರ್ಯವಾಗಿ ಬೆಳೆಯಿತು. 1914ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಒಂದು ನಿಧಿ ಆರಂಭವಾಯಿತು. ಕ್ರಿಸ್ಮಸ್ ಹಬ್ಬಕ್ಕೆ ಸೈನಿಕರಿಗೂ ನಾವಿಕರಿಗೂ ಒಂದೊಂದು ಚಿಕ್ಕ ಹಿತ್ತಾಳೆಯ ಪೆಟ್ಟಿಗೆ ಕಳಿಸುವುದೆಂದು ನಿಶ್ಚಯವಾಯಿತು. ಆ ವರ್ಷದ ಕ್ರಿಸ್ಮಸ್ ದಿನದಂದೇ ನಾಲ್ಕು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳು ಹಂಚಿಕೆಯಾದವು. ಮುಂದೆ ಒಟ್ಟು ಸಂಖ್ಯೆ 25 ಲಕ್ಷವನ್ನು ಮೀರಿತು.

ಆ ಹೊತ್ತಿಗೆ ಭಾರತದ ಸೈನಿಕರು ಫ್ರಾನ್ಸಿನ ಕೆಸರುಕಂದಕಗಳಲ್ಲಿದ್ದರು. ಅವರ ಮೊದಲ ತುಕಡಿಗಳು 1914ರ ಸೆಪ್ಟೆಂಬರ್ 26ರಂದು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಿದ್ದವು. ತಂಬಾಕು ಮುಟ್ಟದ ಸಿಖ್ಖರ ಪೆಟ್ಟಿಗೆಯಲ್ಲಿ ಸಿಗರೇಟಿಗೆ ಬದಲಾಗಿ ಕಲ್ಲುಸಕ್ಕರೆ ಮತ್ತು ಮಸಾಲೆಯ ಡಬ್ಬಿ ಇಟ್ಟರು. ಇತರ ಭಾರತೀಯರಲ್ಲಿ ಬಹುಪಾಲು ಜನರಿಗೆ ಸಿಗರೇಟಿನೊಡನೆ ಕಲ್ಲುಸಕ್ಕರೆ ಹಾಗೂ ಮಸಾಲೆ ಹೋಯಿತು. ಉಣ್ಣುವವನು ಯಾರು, ಅವನ ಆಚಾರವೇನು ಎಂದು ಕೇಳಿ ಕಟ್ಟಿದ ಬುತ್ತಿಯದು. ಪರಾಧೀನ ನಾಡಿನ ಸಿಪಾಯಿಯನ್ನು ಪರದೇಶದ ಯುದ್ಧಕ್ಕೆ ಒಯ್ದ ಅನ್ಯಾಯವನ್ನು ಕಲ್ಲುಸಕ್ಕರೆ ಅಳಿಸಲಾರದು. ಆದರೂ ಹೆಪ್ಪುಗಟ್ಟಿದ ಕಂದಕದಲ್ಲಿ ಮೂಗಿಗೆ ಬಂದ ಮಸಾಲೆಯ ವಾಸನೆ ಅವನಿಗೆ ತನ್ನ ಮನೆಯನ್ನು ನೆನಪಿಸಿರಬೇಕು.

ಬುತ್ತಿ ಮುಟ್ಟದಿದ್ದರೆ ಏನಾಗುವುದೆಂಬುದನ್ನು ಮೆಸಪೊಟೇಮಿಯದ ಕೂತ್ ಪಟ್ಟಣ ತೋರಿಸಿತು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಅಲ್ಲಿ ಸೈನ್ಯ ಮುತ್ತಿಗೆಯಲ್ಲಿ ಸಿಕ್ಕಿತ್ತು. 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ಅದರಲ್ಲಿದ್ದವು. ಕೊನೆಯ ದಿನಗಳಲ್ಲಿ ವಿಮಾನಗಳಿಂದ ಧಾನ್ಯದ ಚೀಲಗಳನ್ನು ಎಸೆದರು, ಸಾಲಲಿಲ್ಲ. ಶರಣಾಗತರಾದವರಲ್ಲಿ ಸಾವಿರಾರು ಮಂದಿ ಸೆರೆಯಲ್ಲಿಯೇ ಮಡಿದರು.

ಯುದ್ಧಕಾಲದ ಜ್ಞಾನಮಾತೆಯರು

ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದ ದೃಷ್ಟಾಂತ 1915ರ ಫ್ರಾನ್ಸಿನದು. ಆ ದೇಶದ ಉತ್ತರ ಭಾಗವನ್ನು ಶತ್ರುಗಳು ಆಕ್ರಮಿಸಿದ್ದರಿಂದ ಅಲ್ಲಿಯ ಸೈನಿಕರಿಗೆ ಮನೆಯ ಸಂಪರ್ಕವೇ ಕಡಿದುಹೋಗಿತ್ತು. ಕಾಗದವಿಲ್ಲ, ಗಂಟಿಲ್ಲ, ತಂದೆತಾಯಿ ಬದುಕಿರುವರೋ ಇಲ್ಲವೋ ತಿಳಿಯದು. ಟಪಾಲು ಬಂದಾಗ ಉಳಿದವರ ಹೆಸರು ಕೂಗುತ್ತಿದ್ದರು. ಇವರ ಹೆಸರು ಕೂಗುವವರಿಲ್ಲ. ಇದನ್ನು ಅರಿತು 1915ರ ಜನವರಿಯಲ್ಲಿ ಮಾರ್ಗರಿತ್ ದ ಲೆನ್ಸ್ ಎಂಬ ಮಹಿಳೆ ‘ಸೈನಿಕನ ಕುಟುಂಬ’ ಎಂಬ ಅರ್ಥದ ಹೆಸರಿನಲ್ಲಿ ಒಂದು ಸಂಸ್ಥೆಯನ್ನು ಹುಟ್ಟುಹಾಕಿದರು. ಒಬ್ಬೊಬ್ಬ ಮಹಿಳೆ ಒಬ್ಬೊಬ್ಬ ಅನಾಥ ಸೈನಿಕನನ್ನು ತನ್ನವನೆಂದು ವಹಿಸಿಕೊಂಡು ಕಾಗದ ಬರೆಯುವುದು, ಗಂಟು ಕಳಿಸುವುದು, ರಜೆಯಲ್ಲಿ ಬಂದರೆ ಮನೆಯಲ್ಲಿ ಊಟಕ್ಕಿಕ್ಕುವುದು ಅದರ ಉದ್ದೇಶ.

ಈ ಮಹಿಳೆಯರಿಗೆ ಜನ ಕೊಟ್ಟ ಹೆಸರು ಮನನೀಯವಾದುದು. ಜ್ಞಾನಸ್ನಾನದ ತೊಟ್ಟಿಯ ಬಳಿ ಮಗುವನ್ನು ಎತ್ತಿಕೊಂಡು ನಿಲ್ಲುವ ಜ್ಞಾನಮಾತೆಗೆ ಫ್ರೆಂಚರಲ್ಲಿ ಯಾವ ಹೆಸರೋ ಅದನ್ನೇ ಕೊಟ್ಟು ‘ಯುದ್ಧದ ಜ್ಞಾನಮಾತೆ’ ಎಂದರು. ರಕ್ತಸಂಬಂಧವಿಲ್ಲದಿದ್ದರೂ ಮಗುವಿನ ಹೊಣೆ ಹೊರುವ ಬಾಂಧವ್ಯವೊಂದು ನಮ್ಮ ಧರ್ಮಸಭೆಯಲ್ಲಿ ಮೊದಲೇ ಇತ್ತಷ್ಟೆ? ಆ ಬಾಂಧವ್ಯವೇ ಯುದ್ಧಕಾಲದಲ್ಲಿ ಹೊಸ ಕೆಲಸಕ್ಕೆ ಬಂದಿತು.

ಮುಂದೆ ಆ ಕಾರ್ಯ ಕೆಟ್ಟುದನ್ನೂ ಮುಚ್ಚಿಡಬಾರದು. ಪತ್ರಿಕೆಗಳಲ್ಲಿ ಜಾಹೀರಾತುಗಳು ಬಂದವು. ಕೆಲವರಿಗೆ ಅದು ಸರಸದ ಆಟವಾಯಿತು. ಗೂಢಚಾರರು ಈ ದಾರಿಯಿಂದ ಸುದ್ದಿ ಕದಿಯಬಹುದೆಂದು ಸೈನ್ಯಾಧಿಕಾರಿಗಳು ಸಂಶಯಪಟ್ಟರು. ಕಟ್ಟಳೆಯಿಲ್ಲದ ಕರುಣೆ ಹೇಗೆ ಹಾದಿ ತಪ್ಪುವುದೆಂಬುದಕ್ಕೆ ಇದು ಪಾಠ. ಅದೇ ಯುದ್ಧಕಾಲದಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ವ್ಯಾಟಿಕನ್ನಿನಲ್ಲಿ ಯುದ್ಧಕೈದಿಗಳಿಗಾಗಿ ಒಂದು ಕಚೇರಿಯನ್ನೇ ತೆರೆದು, ಕಾಣೆಯಾದವರ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುವ ಏರ್ಪಾಡು ಮಾಡಿದರು. ಕರುಣೆಗೆ ಕಚೇರಿಯ ಶಿಸ್ತು ಸೇರಿದಾಗ ಕೆಲಸ ನೆಲೆ ನಿಂತಿತು.

ನಾವೂ ಉಂಡ ಪೆಟ್ಟಿಗೆ

ಎರಡನೆಯ ಮಹಾಯುದ್ಧದಲ್ಲಿ ರೆಡ್‌ಕ್ರಾಸ್ ಸಂಸ್ಥೆಗಳು ಯುದ್ಧಕೈದಿಗಳಿಗೆ ಗಂಟುಗಳನ್ನು ಕಳಿಸಿದವು. 1920ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ರೆಡ್‌ಕ್ರಾಸ್ ಸಂಸ್ಥೆಯ ಗಂಟಿನಲ್ಲಿ ಅಕ್ಕಿ, ಬೇಳೆ, ಹಿಟ್ಟು, ಮಸಾಲೆಪುಡಿ, ಚಹಾ, ಸಕ್ಕರೆ, ಉಪ್ಪು, ಸಾಬೂನು ಇರುತ್ತಿದ್ದವು. 1949ರ ಜಿನೀವಾ ಒಪ್ಪಂದವು ಯುದ್ಧಕೈದಿಗೂ ಇಂಥ ಗಂಟು ಪಡೆಯುವ ಹಕ್ಕನ್ನು ಬರೆದುಕೊಟ್ಟಿತು. ಶತ್ರುವಿನ ಸೆರೆಯಲ್ಲಿರುವವನಿಗೂ ಬುತ್ತಿಯ ಹಕ್ಕಿದೆಯೆಂದು ಲೋಕವೇ ಒಪ್ಪಿದ ಮೇಲೆ, ಸ್ವಂತ ನಾಡಿನ ತರಬೇತಿ ಕೇಂದ್ರದಲ್ಲಿರುವ ಅನಾಥ ಹುಡುಗನಿಗೆ ಅದು ಸಿಗದಿರುವುದು ಸರಿಯೆ?

1945ರ ನವೆಂಬರ್ 27ರಂದು ಅಮೆರಿಕದ 22 ಸಂಸ್ಥೆಗಳು ಕೂಡಿ ‘ಕೇರ್’ ಎಂಬ ಸಂಸ್ಥೆಯನ್ನು ಕಟ್ಟಿದವು. ಸೈನಿಕರಿಗೆಂದು ಸಿದ್ಧಪಡಿಸಿ ಉಳಿದಿದ್ದ ಆಹಾರದ ಪೆಟ್ಟಿಗೆಗಳನ್ನು ಹಸಿದ ಯುರೋಪಿನ ಜನರಿಗೆ ಕಳಿಸುವುದು ಅದರ ಮೊದಲ ಕೆಲಸ. ಮೊದಲ ಪೆಟ್ಟಿಗೆಗಳು 1946ರ ಮೇ 11ರಂದು ಫ್ರಾನ್ಸಿನ ಲ ಆವ್ರ್ ಬಂದರನ್ನು ಮುಟ್ಟಿದವು. ಇಂದು ಪ್ರೀತಿಯಿಂದ ಕಳಿಸುವ ಎಂಥ ಗಂಟಿಗಾದರೂ ‘ಕೇರ್ ಪ್ಯಾಕೇಜ್’ ಎಂಬ ಹೆಸರು ರೂಢಿಗೆ ಬಂದದ್ದು ಹೀಗೆ. ಸೈನಿಕನ ಬುತ್ತಿ ಹಸಿದವನ ಬುತ್ತಿಯಾಯಿತು.

ಆ ಹೆಸರು ಕನ್ನಡ ನಾಡಿಗೆ ಅಪರಿಚಿತವಲ್ಲ. ಇಂದು ಹಿರಿಯರಾಗಿರುವ ಅನೇಕರು ಬಾಲ್ಯದಲ್ಲಿ ಶಾಲೆಯ ಅಂಗಳದಲ್ಲಿ ಸಾಲಾಗಿ ಕುಳಿತು ‘ಕೇರ್’ ಹಾಲಿನ ಪುಡಿಯ ಹಾಲು ಕುಡಿದವರು, ಉಪ್ಪಿಟ್ಟು ತಿಂದವರು. 1943ರಲ್ಲಿ ಅಮೆರಿಕದ ಕಥೋಲಿಕ ಬಿಷಪರು ಸ್ಥಾಪಿಸಿದ ಪರಿಹಾರ ಸಂಸ್ಥೆಯೂ ಭಾರತಕ್ಕೆ ಬಂದಿತು. ಕಂಡರಿಯದ ಜನ ಕಟ್ಟಿದ ಗಂಟನ್ನು ನಮ್ಮ ನಾಡು ಬಿಚ್ಚಿ ಉಂಡಿದೆ. ಉಂಡವರ ಮೇಲೆ ಒಂದು ಋಣವಿರುತ್ತದೆ. ಕಟ್ಟಿಕೊಟ್ಟವನಿಗೆ ಮರಳಿಸಲಾಗದ ಆ ಋಣವನ್ನು ಮುಂದಿನವನಿಗೆ ತೀರಿಸಬೇಕಾಗುತ್ತದೆ.

ನಮ್ಮ ನೆಲದ ತರಬೇತಿ ಕೇಂದ್ರಗಳು

ಲಕ್ಕಲಕಟ್ಟಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಒಂದು ದಿನದ ದಾರಿ. ಅಲ್ಲಿ 1922ರಿಂದ ನೆಲೆ ನಿಂತ ಮರಾಠಾ ಪದಾತಿದಳದ ತರಬೇತಿ ಕೇಂದ್ರವಿದೆ. ಹತ್ತಿರದ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಮೊದಲಾದ ದಳಗಳ ಕೇಂದ್ರಗಳಿವೆ. 2021ರ ಮೇ 8ರಂದು ಬೆಂಗಳೂರಿನ ಸೈನಿಕ ಪೊಲೀಸ್ ಕೇಂದ್ರದಿಂದ 83 ಯುವತಿಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದಿತು. ಆದ್ದರಿಂದ ‘ಹುಡುಗ’ ಎಂದು ಬರೆಯುವಾಗ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡೇ ಓದಬೇಕೆಂದು ವಿನಂತಿ. 2022ರ ಜೂನಿನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಹದಿನೇಳೂವರೆ ವರ್ಷ ತುಂಬಿದವರು ಸೇರಬಹುದು. ಹದಿನೇಳೂವರೆ ಎಂದರೆ ನಮ್ಮ ಮನೆಗಳಲ್ಲಿ ಇನ್ನೂ ತಾಯಿ ಕರೆದು ಉಣಬಡಿಸುವ ವಯಸ್ಸು.

ಯೋಧರಿಗಾಗಿ ನಮ್ಮ ಜನ ಕೈ ಬಿಗಿಹಿಡಿದವರಲ್ಲ. 1962ರ ಚೀನಾ ಯುದ್ಧದಲ್ಲಿ ಹಿಮದ ಗಡಿಯಲ್ಲಿ ಸಾಕಷ್ಟು ಉಣ್ಣೆಯ ಉಡುಪಿಲ್ಲದೆ ಜವಾನರು ನಿಂತಿದ್ದಾರೆಂದು ತಿಳಿದಾಗ ದೇಶದ ಹೆಂಗಳೆಯರು ಸ್ವೆಟರ್ ಹೆಣೆದರು, ಮೈಮೇಲಿನ ಬಂಗಾರ ಬಿಚ್ಚಿಕೊಟ್ಟರು. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜದಿನದ ನಿಧಿ ಕೂಡುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಡಿ ಆರು ದಿನ ಹುದುಗಿದ್ದು ಜೀವಂತ ಸಿಕ್ಕಿದ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರಿಗಾಗಿ, ಫೆಬ್ರವರಿ 11ರಂದು ಅವರು ಕೊನೆಯುಸಿರೆಳೆಯುವವರೆಗೆ, ನಾಡೆಲ್ಲ ಪ್ರಾರ್ಥಿಸಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ಹೊಳೆದಂಡೆಯ ಊರುಗಳು ಮುಳುಗಿದಾಗ, ಸಂತ್ರಸ್ತರಿಗಾಗಿ ಊರೂರುಗಳಲ್ಲಿ ರೊಟ್ಟಿ ಬಡಿದು ಕಟ್ಟಿ ಕಳಿಸಿದ್ದನ್ನು ನಾವು ಕಂಡಿದ್ದೇವೆ.

ಆದರೆ ಇವೆಲ್ಲ ಯುದ್ಧ ಬಂದಾಗ, ಹೊಳೆ ಬಂದಾಗ, ಸಾವು ಬಂದಾಗ ಎದ್ದ ಕರುಣೆ. ತರಬೇತಿಯ ಹುಡುಗನ ಕಷ್ಟ ಪತ್ರಿಕೆಯಲ್ಲಿ ಬರುವಂಥದಲ್ಲ. ಊಟ, ಬಟ್ಟೆ, ಹಾಸಿಗೆಯನ್ನು ಸರಕಾರ ಕೊಡುತ್ತದೆ, ಅದರಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಭಾನುವಾರದ ಸಂಜೆ. ಉಳಿದವರು ಮನೆಗೆ ಫೋನು ಮಾಡುವ ಹೊತ್ತಿನಲ್ಲಿ ಅವನು ಬೂಟಿಗೆ ಎರಡನೆಯ ಸಲ ಪಾಲಿಶ್ ಹಚ್ಚುತ್ತಾನೆ. ತಂದೆತಾಯಿಯನ್ನು ಕಳೆದುಕೊಂಡವನು, ಅನಾಥಾಲಯದಲ್ಲಿ ಬೆಳೆದವನು, ಗುಳೆಹೋದ ಮನೆಯವರ ವಿಳಾಸವೇ ತಿಳಿಯದವನು ಯಾರೊಡನೆ ಮಾತಾಡಬೇಕು?

ನಾವು ಮಾಡಬಹುದಾದುದು

ಚರಿತ್ರೆಯನ್ನು ಓದಿ ಮುಚ್ಚಿಟ್ಟರೆ ಫಲವಿಲ್ಲ. ಜೆಸ್ಸೆಯನಿಂದಲೂ ಫ್ರಾನ್ಸಿನ ಜ್ಞಾನಮಾತೆಯರಿಂದಲೂ ಕಲಿತ ಪಾಠಗಳನ್ನು ಕೂಡಿಸಿದರೆ ಕೆಲವು ಮಾತುಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಅಧಿಕಾರಿಗಳ ಅಪ್ಪಣೆಯಿಲ್ಲದೆ ಏನನ್ನೂ ಕಳಿಸಬಾರದು. ಮನೆಯವರಿಲ್ಲದ ಶಿಕ್ಷಾರ್ಥಿ ಯಾರೆಂಬುದನ್ನು ಕೇಂದ್ರದ ಅಧಿಕಾರಿಗಳೇ ಬಲ್ಲರು. ನಮ್ಮ ಸೈನ್ಯದಲ್ಲಿ ಪಂಡಿತ, ಮೌಲ್ವಿ, ಗ್ರಂಥಿಯರಂತೆ ಪಾದ್ರಿಗಳೂ ಧರ್ಮಬೋಧಕರಾಗಿದ್ದಾರೆ. ಅವರ ಮೂಲಕ ಹೋಗುವುದು ಸರಿಯಾದ ದಾರಿ. ಎರಡನೆಯದಾಗಿ, ಆ ಹುಡುಗ ಕಥೋಲಿಕನೇ ಎಂದು ಕೇಳಬಾರದು. ಸಂತ ಮಾರ್ಟಿನರು ಚಳಿಯಲ್ಲಿ ನಡುಗುವವನ ಮತವನ್ನು ವಿಚಾರಿಸಲಿಲ್ಲ. ಮೂರನೆಯದಾಗಿ, ಕೆಡದ ವಸ್ತುಗಳನ್ನಷ್ಟೇ, ಅದೂ ಮಿತವಾಗಿ ಕಳಿಸಬೇಕು: ಒಂದು ಜೊತೆ ಕಾಲುಚೀಲ, ಕಾಲಿಗೆ ಹಚ್ಚುವ ಪುಡಿ, ಸೂಜಿದಾರ, ಒಂದು ಚಿಕ್ಕ ಬೀಗ, ಶೇಂಗಾ ಉಂಡಿ. ನಾಲ್ಕನೆಯದಾಗಿ, ಗಂಟಿನೊಳಗೆ ಕೈಯಿಂದ ಬರೆದ ಕಾಗದವೊಂದು ಇರಲೇಬೇಕು. ಅದರಲ್ಲಿ ಉಪದೇಶ ಬೇಡ. ಮಳೆ ಬಂತೋ ಇಲ್ಲವೋ, ಜೋಳ ಹೇಗಿದೆ, ಯಾರ ಮನೆಯಲ್ಲಿ ಮದುವೆ ಎಂದು ಬರೆದರೆ ಸಾಕು. ಐದನೆಯದಾಗಿ, ಆರಂಭಿಸಿದ್ದನ್ನು ಮಧ್ಯದಲ್ಲಿ ಬಿಡಬಾರದು. ಒಂದು ಸಲ ಕಳಿಸಿ ಮರೆತುಬಿಡುವುದಕ್ಕಿಂತ ಕಳಿಸದಿರುವುದೇ ಲೇಸು. ಒಮ್ಮೆ ಯಾರೂ ಇಲ್ಲವೆಂದುಕೊಂಡಿದ್ದವನನ್ನು ಎರಡನೆಯ ಬಾರಿ ಅನಾಥನನ್ನಾಗಿ ಮಾಡುವ ಹಕ್ಕು ನಮಗಿಲ್ಲ.

ಕೊನೆಯದಾಗಿ ಒಂದು ಮಾತು. ತರಬೇತಿ ಮುಗಿದ ದಿನ ಪ್ರತಿಜ್ಞಾ ಸಮಾರಂಭ ನಡೆಯುತ್ತದೆ. ಧರ್ಮಬೋಧಕರ ಎದುರಿಗೆ ಶಿಕ್ಷಾರ್ಥಿಗಳು ಪ್ರಮಾಣ ಸ್ವೀಕರಿಸುತ್ತಾರೆ. ಅಂದು ಮಗನನ್ನು ದೇಶಕ್ಕೆ ಕೊಟ್ಟ ತಂದೆತಾಯಿಯ ಎದೆಗೆ ‘ಗೌರವ ಪದಕ’ವನ್ನು ಹಾಕುವ ಸತ್ಸಂಪ್ರದಾಯ ನಮ್ಮ ಸೈನ್ಯದಲ್ಲಿ ಬೆಳೆದಿದೆ. ರುಮಾಲು ಸುತ್ತಿದ ರೈತರೂ ಸೆರಗು ಹೊದ್ದ ತಾಯಂದಿರೂ ಮೈದಾನದಲ್ಲಿ ಕಣ್ಣೊರೆಸಿಕೊಳ್ಳುತ್ತಾ ಮಗನನ್ನು ಅಪ್ಪಿಕೊಳ್ಳುತ್ತಾರೆ. ಯಾರೂ ಇಲ್ಲದವನು ಆಗ ಎಲ್ಲಿ ನಿಲ್ಲಬೇಕು? ಅಂದು ಬೆಳಗಿನ ಬಸ್ಸು ಹಿಡಿದು ನಮ್ಮಲ್ಲಿ ಇಬ್ಬರು ಹೋಗಿ ಆ ಮೈದಾನದ ಅಂಚಿನಲ್ಲಿ ನಿಂತು, ‘ಇವನು ನಮ್ಮವನು’ ಎಂದರೆ, ನಾವು ಕಳಿಸಿದ ಎಲ್ಲ ಗಂಟುಗಳಿಗಿಂತ ಅದು ದೊಡ್ಡದು.

ನೂರು ವರ್ಷಗಳಿಂದ ನಮ್ಮ ದೇವಾಲಯದ ಗಂಟೆ ಹೆಸರು ಹಿಡಿಯದೆ ಎಲ್ಲರನ್ನೂ ಕರೆದಿದೆ. ಇನ್ನು ಮುಂದೆ ನಾವು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವುದನ್ನು ಕಲಿಯೋಣ. ದೂರದ ಬ್ಯಾರಕಿನಲ್ಲಿ ಟಪಾಲಿನವನು ಹೆಸರುಗಳನ್ನು ಕೂಗುವಾಗ, ಇದುವರೆಗೆ ತಲೆ ತಗ್ಗಿಸಿ ಕುಳಿತಿದ್ದ ಒಬ್ಬ ಹುಡುಗ ಬೆಚ್ಚಿ ತಲೆಯೆತ್ತಿ ‘ಹಾಜರ್’ ಎನ್ನಲಿ. ಅನಾಥರನ್ನು ತನ್ನ ಮಕ್ಕಳೆಂದು ಎಣಿಸುವ ಪ್ರಭು ನಮ್ಮ ಕೈಗಳಿಗೆ ಆ ಗಂಟನ್ನು ಕಟ್ಟುವ ಮನಸ್ಸನ್ನೂ, ಕಟ್ಟಿದ್ದನ್ನು ಬಿಡದೆ ನಡೆಸುವ ಬಲವನ್ನೂ ದಯಪಾಲಿಸಲಿ.